ಪ್ಯಾಡ್ ಬಡಿದ್ರೆ ಸ್ಟ್ರಿಂಗ್ಸ್ ಯಾಕೆ ಕೇಳ್ತದೆ? ಫ್ಲುಯಿಡ್‌ಸಿಂತ್ ರೌಟರ್ ಕತೆ

ಪ್ರಶ್ನೆ: ಸರ್, ನಮ್ದು ಅಂಕೋಲಾ ಹತ್ರ. ಊರಿನ ಭಜನಾ ಮಂಡಳಿಗೆ ಹಾರ್ಮೋನಿಯಂ ಬಾರಿಸ್ತೇನೆ. ಈಗ 61 ಕೀ ಇರೋ ಮಿಡಿ ಕೀಬೋರ್ಡ್ (ಯಾವ ಕೀ ಒತ್ತಿದ್ದು ಅಂತ ಕಂಪ್ಯೂಟರಿಗೆ ತಿಳಿಸೋದು) ತಗೊಂಡು ಹಳೆ ಲಿನಕ್ಸ್ ಲ್ಯಾಪ್‌ಟಾಪಲ್ಲಿ ಫ್ಲುಯಿಡ್‌ಸಿಂತ್ ಅನ್ನೋ ವಾದ್ಯದ ದನಿ ಹೊರಡಿಸೋ ಸಾಫ್ಟ್‌ವೇರ್ ಹಾಕಿದೇನೆ. ಬಲಗೈಗೆ ಹಾರ್ಮೋನಿಯಂ, ಎಡಗೈಗೆ ಸ್ಟ್ರಿಂಗ್ಸ್ (ಪಿಟೀಲಿನ ಗುಂಪಿನ ದನಿ) ಬೇಕು, ನನ್ನ ತಮ್ಮ ಪಕ್ಕದಲ್ಲಿ ಡ್ರಮ್ ಪ್ಯಾಡ್ ಬಾರಿಸ್ತಾನೆ. ನೋಟನ್ನ ವಾದ್ಯಗಳಿಗೆ ಹಂಚೋ ಅದರ ರೌಟರಿಗೆ ರೂಲ್ ಬರೆದ ಮೇಲೆ ಎಡಗೈಗೆ ಎರಡೂ ವಾದ್ಯ ಒಟ್ಟಿಗೆ ಕೇಳ್ತದೆ, ಪ್ಯಾಡ್ ಬಡಿದ್ರೆ ಡ್ರಮ್ಮಿನ ಜೊತೆ ಸ್ಟ್ರಿಂಗ್ಸೂ ಬರ್ತದೆ. ಯಾರೋ ಹೇಳಿದ್ರು ಅಂತ ರೌಟರ್ ಕ್ಲಿಯರ್ ಕಮಾಂಡ್ ಹಾಕಿದೆ, ಆಗ ಡ್ರಮ್ಮೇ ಹೋಯ್ತು, ಪೆಡಲ್ಲೂ ಸತ್ತೋಯ್ತು. ಮತ್ತೆ ಹಾಡುವವರು ಒಬ್ಬೊಬ್ಬರು ಒಂದೊಂದು ಶ್ರುತಿ, ಕೀಬೋರ್ಡಿನ ಟ್ರಾನ್ಸ್‌ಪೋಸ್ ಒತ್ತಿದ್ರೆ ಎಡ ಬಲದ ಗಡಿ ಜಾರ್ತದೆ. ಚೌತಿಗೆ ಕಾರ್ಯಕ್ರಮ ಉಂಟು. ನನ್ನ ರೂಲು ಇವು: ಎಡಗೈಗೆ ಚಾನ್ 0 15 0 1, ಪಾರ್1 0 60 1 0. ಬಲಗೈಗೆ ಚಾನ್ 0 15 0 0, ಪಾರ್1 60 127 1 0.

ಉತ್ತರ: ಗಣಪತಿ ಮಾಡ್ಲಿಕ್ಕೆ ಹೋಗಿ ಅವನಪ್ಪನ್ನ ಮಾಡಿದ ಹಾಗಾಗಿದೆ ನಿಮ್ದು, ಅದೂ ಚೌತಿ ಎದುರಿಗೆ. ಆದ್ರೆ ಬೇಜಾರ್ ಬೇಡ, ನಿಮ್ಮ ರೂಲು ಬರೆದು ಕಳಿಸಿದ್ದು ಬಹಳ ಒಳ್ಳೇದಾಯ್ತು, ಇಲ್ಲಾಂದ್ರೆ ನಾನು ಸಿರ್ಸಿಯಲ್ಲಿ ಕೂತು ದೇವಿಮನೆ ಘಟ್ಟದ ಕೆಳಗೆ ಎಂತ ಆಗ್ತಿದೆ ಅಂತ ಊಹೆ ಮಾಡ್ತಾ ಇರಬೇಕಿತ್ತು. ನೀವು ಹೇಳಿದ ಎಲ್ಲ ತೊಂದರೆಯೂ ಆ ನಾಲ್ಕು ಸಾಲಲ್ಲೇ ಕಾಣ್ತದೆ. ಸಾಫ್ಟ್‌ವೇರ್ ಕೆಟ್ಟಿಲ್ಲ, ಲ್ಯಾಪ್‌ಟಾಪೂ ಕೆಟ್ಟಿಲ್ಲ.

ನೀವು ರೂಲ್ ಅಂದ್ರೆ ದಾರಿ ತಿರುಗಿಸೋದು ಅಂತ ತಿಳ್ಕೊಂಡಿದೀರಿ. ಈ ನೋಟು ಆ ಕಡೆ ಹೋಗಲಿ ಅಂತ ಬರೆದ್ರೆ ಆ ಕಡೆ ಮಾತ್ರ ಹೋಗ್ತದೆ ಅಂತ. ನಮ್ಮಲ್ಲಿ ಅಡಿಕೆ ಆರಿಸುವಾಗ ಹಾಗೇ ಅಲ್ವಾ, ಚಾಲಿಗೆ ಹೋದ ಅಡಿಕೆ ಬಿಳಿಗೋಟಿನ ಗುಡ್ಡೆಗೆ ಬರೂದಿಲ್ಲ, ಒಂದು ಕಾಯಿ ಒಂದೇ ಗುಡ್ಡೆ. ಫ್ಲುಯಿಡ್‌ಸಿಂತಿನ ರೌಟರ್ ಹಾಗಲ್ಲ ಮಾರಾಯ್ರೆ. ಅದು ಬಂದ ಒಂದೊಂದು ಈವೆಂಟನ್ನೂ (ಕೀ ಒತ್ತಿದ್ದು, ಬಿಟ್ಟದ್ದು, ಪೆಡಲ್ ಮೆಟ್ಟಿದ್ದು ಇಂಥ ಒಂದೊಂದು ಸುದ್ದಿ) ಹಿಡಿದು ಮೊದಲ ರೂಲಿಂದ ಕೊನೇ ರೂಲಿನ ತನಕ ಎಲ್ಲದಕ್ಕೂ ತೋರಿಸ್ತದೆ, ಎಷ್ಟು ರೂಲಿಗೆ ಹೊಂದ್ತದೋ ಅಷ್ಟು ಪ್ರತಿ ಹೊರಗೆ ಬರ್ತವೆ. ಮೂರಕ್ಕೆ ಹೊಂದಿದ್ರೆ ಮೂರು ಪ್ರತಿ. ಯಾವುದಕ್ಕೂ ಹೊಂದದೇ ಇದ್ರೆ ಸದ್ದಿಲ್ಲದೇ ಸಾಯ್ತದೆ, ಎರರ್ ಕೂಡ ತೋರಿಸೂದಿಲ್ಲ. ಇದು ತಲೆಗೆ ಹತ್ತಿದ್ರೆ ಮುಂದಿನದೆಲ್ಲ ಸಲೀಸು.

ಈಗ ಎಡಗೈಗೆ ಎರಡೂ ಕೇಳಿದ್ದು ಯಾಕೆ ಅಂದ್ರೆ, ನೀವು ರೂಲ್ ಬರೆಯೋ ಮುಂಚೆನೇ ರೌಟರಲ್ಲಿ ಡಿಫಾಲ್ಟ್ ರೂಲು ಕೂತಿರ್ತವೆ, ನೋಟಿಗೊಂದು, ಕಂಟ್ರೋಲಿಗೊಂದು, ಪ್ರೋಗ್ರಾಮಿಗೊಂದು ಹೀಗೆ, ಅವುಗಳ ಕೆಲಸ ಬಂದದ್ದನ್ನ ಬಂದ ಹಾಗೇ ಬಿಡೋದು. ನೀವು ಅದರ ಮೇಲೆ ನಿಮ್ಮದು ಸೇರಿಸಿದ್ರಿ. ಎಡಗೈಯ ಒಂದು ನೋಟಿಗೆ ಡಿಫಾಲ್ಟಿಂದ ಒಂದು ಪ್ರತಿ ಹಾರ್ಮೋನಿಯಂ ಚಾನೆಲ್ಲಿಗೆ (ಚಾನೆಲ್ ಅಂದ್ರೆ ಒಂದೊಂದು ವಾದ್ಯಕ್ಕೆ ಇರೋ ನಂಬರಿನ ದಾರಿ), ನಿಮ್ಮ ರೂಲಿಂದ ಇನ್ನೊಂದು ಸ್ಟ್ರಿಂಗ್ಸಿಗೆ. ಬಲಗೈಯಲ್ಲೂ ಎರಡೆರಡು ಹೋಗ್ತಾನೇ ಇತ್ತು, ಎರಡೂ ಒಂದೇ ಚಾನೆಲ್ಲಿಗೆ ಹೋಗಿದ್ದಕ್ಕೆ ನಿಮಗೆ ಗೊತ್ತಾಗ್ಲಿಲ್ಲ ಅಷ್ಟೇ.

ಪ್ಯಾಡಿನ ಕತೆ ಇನ್ನೂ ಮಜಾ. ಚಾನ್ 0 15 ಅಂದ್ರೆ 'ಯಾವ ಚಾನೆಲ್ಲಿಂದ ಬಂದ್ರೂ ಸರಿ' ಅಂತ ಅರ್ಥ, ಆಮೇಲಿನ 0 1 ಅಂದ್ರೆ ಸೊನ್ನೆಯಿಂದ ಗುಣಿಸಿ 1 ಕೂಡಿಸು, ಅಂದ್ರೆ ಎಲ್ಲಿಂದ ಬಂದ್ರೂ 1ಕ್ಕೆ ಕಳಿಸು. ನಿಮ್ಮ ತಮ್ಮ ಬಡಿಯೋ ಬಾಸ್ ಡ್ರಮ್ 36ನೇ ನೋಟು, ಸ್ನೇರ್ 38, ಹೈಹ್ಯಾಟ್ 42. ನಿಮ್ಮ ಪಾರ್1 ಸಾಲು ಯಾವ ನೋಟಿಂದ ಯಾವ ನೋಟಿನ ತನಕ ಅಂತ ಹೇಳ್ತದೆ. ಮೂರೂ 60ಕ್ಕಿಂತ ಕೆಳಗೆ, ಮೂರೂ ನಿಮ್ಮ ಎಡಗೈ ರೂಲಿಗೆ ಹೊಂದ್ತವೆ. ಡಿಫಾಲ್ಟ್ ಇರೋ ತನಕ ಒಂದು ಪ್ರತಿ ಡ್ರಮ್ಮಿಗೂ ಹೋಗ್ತಿತ್ತು, ನೀವು ಕ್ಲಿಯರ್ ಹಾಕಿದ ಕೂಡಲೇ ಆ ಪ್ರತಿ ನಿಂತು ಬರೀ ಸ್ಟ್ರಿಂಗ್ಸ್ ಉಳೀತು. ಪೆಡಲ್ ಸತ್ತದ್ದೂ ಅದಕ್ಕೇ, ಕ್ಲಿಯರ್ ಅಂದ್ರೆ ನೋಟಿನ ರೂಲ್ ಮಾತ್ರ ಅಲ್ಲ ಕಂಟ್ರೋಲಿನದ್ದೂ ಪಿಚ್ ಬೆಂಡಿಂದೂ ಎಲ್ಲಾ ಗುಡಿಸಿ ಹಾಕ್ತದೆ, ಆಮೇಲೆ ನೀವು ನೋಟಿನದ್ದು ಮಾತ್ರ ಬರೆದ್ರಿ, ಪೆಡಲ್ ನೋಟಲ್ಲ, ಅದು 64ನೇ ಕಂಟ್ರೋಲರ್. ಅದಕ್ಕೆ ಹೊಂದೋ ರೂಲೇ ಇಲ್ಲ.

ಇನ್ನು 60ನೇ ನೋಟು ನಿಮ್ಮ ಎರಡೂ ರೂಲಲ್ಲಿ ಉಂಟು ನೋಡಿ. ಎರಡೂ ತುದಿಯ ಸಂಖ್ಯೆ ಲೆಕ್ಕಕ್ಕೆ ಸೇರ್ತವೆ, ಹಾಗಾಗಿ ಕ್ಲಿಯರ್ ಹಾಕಿದ ಮೇಲೂ ನಡುವಿನ ಸಾ ಒತ್ತಿದಾಗ ಮಾತ್ರ ಎರಡು ವಾದ್ಯ. ಎಡದ್ದನ್ನ 59ಕ್ಕೆ ನಿಲ್ಲಿಸಿ.

ಒಂದು ಮಾತು ಈಗಲೇ ಹೇಳಿಬಿಡ್ತೇನೆ, ಕಮಾಂಡೆಲ್ಲ ನಾನು ಇಲ್ಲಿ ಕನ್ನಡದಲ್ಲೇ ಬರೀತಿದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಹಾಕಬೇಕು, ನಾನು ಕೆಳಗೆರೆ ಹಾಕಿದ ಕಡೆ ಅಂಡರ್‌ಸ್ಕೋರು. ಚಾನ್ ಅಂದ್ರೆ ಚಾನೆಲ್ ಅನ್ನೋ ಇಂಗ್ಲಿಷ್ ಶಬ್ದದ ಮೊದಲ ನಾಲ್ಕೇ ಅಕ್ಷರ, ಪಾರ್ ಅಂದ್ರೆ ಪ್ಯಾರಾಮೀಟರಿನ ಮೊದಲ ಮೂರು, ಅದಕ್ಕೆ ಅಂಟಿಸಿ 1 ಅಥವಾ 2. ನೀವಾಗಲೇ ಬರೆದಿದೀರಿ ಹಾಗಾಗಿ ಗೊತ್ತೇ ಉಂಟು, ಬೇರೆ ಓದುವವರಿಗೆ ಹೇಳಿದೆ.

ಚಾನೆಲ್ ನಂಬರಲ್ಲೂ ಎಲ್ಲರೂ ಒಮ್ಮೆ ಜಾರಿ ಬೀಳ್ತಾರೆ. ಪ್ಯಾಡಿನ ಮೇಲೆ ಚಾನೆಲ್ 10 ಅಂತ ಇರ್ತದೆ, ಫ್ಲುಯಿಡ್‌ಸಿಂತಿಗೆ ಅದು 9. 1983ರಲ್ಲಿ ಮಿಡಿ ಬಂದಾಗಿಂದ ನೋಟ್‌ಆನ್ ಮೆಸೇಜಿನ ಮೊದಲ ಬೈಟಲ್ಲಿ ಅರ್ಧ, ಅಂದ್ರೆ 4 ಬಿಟ್ 'ಇದು ಯಾವ ಜಾತಿ ಮೆಸೇಜು' ಅನ್ನೋದಕ್ಕೆ, ಉಳಿದ 4 ಬಿಟ್ ಚಾನೆಲ್ಲಿಗೆ. 4 ಬಿಟ್‌ಗಳಲ್ಲಿ 0ಯಿಂದ 15ರ ತನಕ ಬರೀಬಹುದು, ಅದಕ್ಕೇ ಚಾನೆಲ್ 16ಕ್ಕಿಂತ ಜಾಸ್ತಿ ಇಲ್ಲ. ಕೀಬೋರ್ಡ್ ಮಾಡುವವರು ಜನಕ್ಕೆ ಸೊನ್ನೇ ಚಾನೆಲ್ ಅಂದ್ರೆ ಗೊಂದಲ ಅಂತ 1ರಿಂದ 16 ಅಂತ ಬರೀತಾರೆ, ಫ್ಲುಯಿಡ್‌ಸಿಂತ್ ವಾಯರಲ್ಲಿ ಹೋಗೋ ಸಂಖ್ಯೆನೇ ತೋರಿಸ್ತದೆ. ವಾದ್ಯದ ಪಟ್ಟಿಯಲ್ಲೂ ಇದೇ ಗಲಾಟೆ, ಪುಸ್ತಕದಲ್ಲಿ ರೀಡ್ ಆರ್ಗನ್ 21 ಅಂತ ಇದ್ರೆ ಇಲ್ಲಿ 20, ಸ್ಟ್ರಿಂಗ್ಸ್ 49 ಇದ್ರೆ 48. ಜನರಲ್ ಮಿಡಿ ಪಟ್ಟಿಯಲ್ಲಿ ನಮ್ಮ ಹಾರ್ಮೋನಿಯಂಗೆ ಹತ್ತಿರದ್ದು ಆ ರೀಡ್ ಆರ್ಗನ್ನೇ. ಪಕ್ಕಾ ನಮ್ಮ ಪೆಟ್ಟಿಗೆ ದನಿ ಬರೂದಿಲ್ಲ, ಭಜನೆಗೆ ನಡೀತದೆ.

ಈಗ ನಿಮ್ಮ ಫೈಲು ಹೊಸದಾಗಿ ಬರೆಯುವ. ಒಂದು ಟೆಕ್ಸ್ಟ್ ಫೈಲಲ್ಲಿ ಹಾಕಿ ಶುರು ಮಾಡುವಾಗ ಡ್ಯಾಶ್ ಎಫ್ ಜೊತೆ ಫೈಲಿನ ಹೆಸರು ಕೊಡಿ, ಪ್ರತಿ ಸಲ ಶೆಲ್ಲಲ್ಲಿ (ಫ್ಲುಯಿಡ್‌ಸಿಂತಿಗೆ ಕಮಾಂಡ್ ಬರೆಯೋ ಜಾಗ) ಟೈಪ್ ಮಾಡ್ತಾ ಕೂತ್ಕೊಳ್ಳೋದು ಬೇಡ.

ಸೆಲೆಕ್ಟ್ 0 1 0 20
ಸೆಲೆಕ್ಟ್ 1 1 0 48
ರೌಟರ್_ಕ್ಲಿಯರ್

ರೌಟರ್_ಬಿಗಿನ್ ನೋಟ್
ರೌಟರ್_ಚಾನ್ 0 0 1 0
ರೌಟರ್_ಪಾರ್1 60 127 1 0
ರೌಟರ್_ಎಂಡ್

ರೌಟರ್_ಬಿಗಿನ್ ನೋಟ್
ರೌಟರ್_ಚಾನ್ 0 0 0 1
ರೌಟರ್_ಪಾರ್1 0 59 1 0
ರೌಟರ್_ಪಾರ್2 0 127 0.7 0
ರೌಟರ್_ಎಂಡ್

ರೌಟರ್_ಬಿಗಿನ್ ನೋಟ್
ರೌಟರ್_ಚಾನ್ 9 9 1 0
ರೌಟರ್_ಎಂಡ್

ಸೆಲೆಕ್ಟಿನ ನಾಲ್ಕು ಸಂಖ್ಯೆ ಚಾನೆಲ್, ಸೌಂಡ್‌ಫಾಂಟಿನ (ವಾದ್ಯಗಳ ದನಿ ತುಂಬಿದ ಫೈಲು) ನಂಬರ್, ಬ್ಯಾಂಕು, ವಾದ್ಯ. ಮೊದಲು ಲೋಡ್ ಆದ ಸೌಂಡ್‌ಫಾಂಟಿಗೆ 1 ಅಂತ ನಂಬರ್ ಸಿಗ್ತದೆ. ಮುಖ್ಯ ಬದಲಾವಣೆ ಎಲ್ಲಿ ಅಂದ್ರೆ ಚಾನ್ 0 15 ಇದ್ದದ್ದು 0 0 ಆಗಿದೆ, ಅಂದ್ರೆ ಕೀಬೋರ್ಡಿಂದ ಬಂದದ್ದು ಮಾತ್ರ. ಪ್ಯಾಡಿಗೆ ಬೇರೆ ರೂಲು, ಅದು 9ರಿಂದ ಬಂದು 9ಕ್ಕೇ ಹೋಗ್ತದೆ. ಪ್ಯಾಡ್ ನಿಜವಾಗಿ 10ನೇ ಚಾನೆಲ್ಲಲ್ಲೇ ಕಳಿಸ್ತದೋ ಅಂತ ಒಮ್ಮೆ ನೋಡ್ಕೊಳ್ಳಿ, ಕೆಲವು ಪ್ಯಾಡು ಅಂಗಡಿಯಿಂದ ಬರುವಾಗಲೇ 1ನೇ ಚಾನೆಲ್ಲಿಗೆ ಇರ್ತವೆ, ಹಾಗಿದ್ರೆ ಪ್ಯಾಡಿನ ಸೆಟ್ಟಿಂಗಲ್ಲೇ 10 ಮಾಡ್ಬೇಕು, ಎರಡೂ ಒಂದೇ ಚಾನೆಲ್ಲಲ್ಲಿ ಬಂದ್ರೆ ಇದು ಪ್ಯಾಡಿಂದು ಅದು ಕೀಬೋರ್ಡಿಂದು ಅಂತ ರೌಟರಿಗೆ ಕನಸು ಬೀಳೂದಿಲ್ಲ.

ಎಡಗೈಯಲ್ಲಿ ಪಾರ್2 ಅಂತ ಹೊಸ ಸಾಲು ಹಾಕಿದೇನೆ. ನೋಟಿನ ರೂಲಲ್ಲಿ ಪಾರ್1 ಅಂದ್ರೆ ಯಾವ ಕೀ, ಪಾರ್2 ಅಂದ್ರೆ ಎಷ್ಟು ಜೋರಾಗಿ ಒತ್ತಿದ್ದು. 0.7ರಿಂದ ಗುಣಿಸಿದ್ರೆ ನೂರರ ಹೊಡೆತ ಎಪ್ಪತ್ತಾಗ್ತದೆ, ಸ್ಟ್ರಿಂಗ್ಸು ಹಿಂದೆ ನಿಲ್ತದೆ, ಹಾಡುವವರ ದನಿ ಮೇಲೆ ಹತ್ತಿ ಕೂರೂದಿಲ್ಲ. ಇದು ನನ್ನ ಅಭಿರುಚಿ, ನಿಮಗೆ ಬೇಡಾಂದ್ರೆ ಆ ಸಾಲು ತೆಗೀರಿ.

ಪೆಡಲ್ಲಿನ ವಿಷಯಕ್ಕೆ ಬರುವ. ನಿಮ್ಮನ್ನ ಒಂದು ಕೇಳ್ತೇನೆ, ಹಾರ್ಮೋನಿಯಮ್ಮಿಗೆ ಪೆಡಲ್ ಎಂತಕ್ಕೆ? ನಿಜವಾದ ಪೆಟ್ಟಿಗೆಯಲ್ಲಿ ಬೆರಳು ಎತ್ತಿದ್ರೆ ರೀಡು ನಿಲ್ತದೆ. ಪೆಡಲ್ ಒತ್ತಿ ಹಾರ್ಮೋನಿಯಂ ಬಾರಿಸಿದ್ರೆ ರೀಡ್ ಆರ್ಗನ್ ಪಿಯಾನೋ ಹಾಗೆ ಕ್ರಮೇಣ ಇಳಿಯೂದೂ ಇಲ್ಲ, ಸರಿಗಮ ಎಲ್ಲ ಒಟ್ಟಿಗೆ ಕೂತು ಜಾತ್ರೆ ಪೀಪಿ ಆಗ್ತದೆ. ಪೆಡಲ್ ಬೇಕಾಗಿರೋದು ಸ್ಟ್ರಿಂಗ್ಸಿಗೆ. ಎಡಗೈಯಲ್ಲಿ ಸಾ ಪಾ ಒತ್ತಿ, ಪೆಡಲ್ ಮೆಟ್ಟಿ, ಆ ಕೈಯಲ್ಲಿ ಭಜನೆ ಪುಸ್ತಕದ ಹಾಳೆ ತಿರುಗಿಸಬಹುದು. ಹಾಗಾಗಿ ಸ್ಟ್ರಿಂಗ್ಸ್ ಚಾನೆಲ್ಲಿಗೆ ಎಲ್ಲ ಕಂಟ್ರೋಲರ್ರೂ, ಹಾರ್ಮೋನಿಯಮ್ಮಿಗೆ 64 ಒಂದು ಬಿಟ್ಟು ಉಳಿದದ್ದು (ಸಿಸಿ ಅಂದ್ರೆ ಕಂಟ್ರೋಲರಿನ ರೂಲು):

ರೌಟರ್_ಬಿಗಿನ್ ಸಿಸಿ
ರೌಟರ್_ಚಾನ್ 0 0 0 1
ರೌಟರ್_ಎಂಡ್

ರೌಟರ್_ಬಿಗಿನ್ ಸಿಸಿ
ರೌಟರ್_ಚಾನ್ 0 0 1 0
ರೌಟರ್_ಪಾರ್1 65 63 1 0
ರೌಟರ್_ಎಂಡ್

ಆ 65 63 ಅಚ್ಚಿನ ತಪ್ಪಲ್ಲ. ಮೊದಲನೇ ಸಂಖ್ಯೆ ಎರಡನೇದಕ್ಕಿಂತ ದೊಡ್ಡದಿದ್ರೆ ರೌಟರ್ ಅದನ್ನ ಉಲ್ಟಾ ಓದ್ತದೆ, ಅಂದ್ರೆ ಆ ಎರಡರ ಮಧ್ಯೆ ಇರೋದನ್ನ ಮಾತ್ರ ಬಿಟ್ಟು ಬೇರೆಲ್ಲ ತಗೋ ಅಂತ. 63ಕ್ಕೂ 65ಕ್ಕೂ ಮಧ್ಯೆ ಇರೋದು 64 ಒಂದೇ. 63, 65 ಇವೆರಡೂ ದಾಟ್ತವೆ. ಚಾನೆಲ್ಲಿಗೂ ಇದೇ ಕಟ್ಟಲೆ, 10 8 ಅಂತ ಬರೆದ್ರೆ ಡ್ರಮ್ ಚಾನೆಲ್ ಬಿಟ್ಟು ಉಳಿದದ್ದೆಲ್ಲ.

ಪ್ರೋಗ್ರಾಮ್ ಚೇಂಜಿಗೆ (ವಾದ್ಯ ಬದಲಾಯಿಸೋ ಮೆಸೇಜು) ನಾನು ಬೇಕಂತಲೇ ರೂಲ್ ಬರೀಲಿಲ್ಲ. ಕತ್ತಲೆ ಸಭಾಮಂಟಪದಲ್ಲಿ ಕೈ ತಾಗಿ ಕೀಬೋರ್ಡಿನ ಬಟನ್ ಒತ್ತಿಹೋದ್ರೂ ವಾದ್ಯ ಬದಲಾಗಬಾರದು. ಶೆಲ್ಲಿಂದ ಕೊಟ್ಟ ಸೆಲೆಕ್ಟ್ ರೌಟರ್ ಮೂಲಕ ಹೋಗೂದಿಲ್ಲ, ನೇರ ಸಿಂತಿಗೆ ಹೋಗ್ತದೆ, ಹಾಗಾಗಿ ನಿಮಗೆ ಬದಲಾಯಿಸ್ಲಿಕ್ಕೆ ಅಡ್ಡಿಯಿಲ್ಲ. ಪಿಚ್ ಬೆಂಡೂ ಬಿಟ್ಟಿದೇನೆ, ಹಾರ್ಮೋನಿಯಮ್ಮಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರೋದು) ಬರೂದಿಲ್ಲ, ಬರಿಸೂದೂ ಬೇಡ. ಮುಂದೆ ಕೊಳಲು ಹಾಕಿದಾಗ ಬೇಕಾದ್ರೆ ಪಿಬೆಂಡ್ ಅಂತ ಒಂದು ರೂಲ್ ಸೇರಿಸ್ಕೊಳ್ಳಿ.

ಇನ್ನೊಂದು ನನಗೆ ಬಹಳ ಇಷ್ಟದ್ದು ಹೇಳ್ತೇನೆ, ನೀವು ಕೇಳ್ಲಿಲ್ಲ ಆದ್ರೂ. ಪೆಟ್ಟಿಗೆ ಬಾರಿಸುವವರಿಗೆ ಎಡಗೈಲಿ ಗಾಳಿ ಹಾಕಿ ದನಿ ಏರಿಸಿ ಇಳಿಸಿ ಅಭ್ಯಾಸ ಇರ್ತದೆ, ಮಿಡಿ ಕೀಬೋರ್ಡಲ್ಲಿ ಅದಿಲ್ಲದೇ ಬೋಳು ಬೋಳು ಅನಿಸ್ತದೆ. ಕೀಬೋರ್ಡಿನ ಎಡತುದಿಯಲ್ಲಿ ಮಾಡ್ಯುಲೇಶನ್ ಚಕ್ರ ಉಂಟಲ್ಲ, ಅದು 1ನೇ ಕಂಟ್ರೋಲರ್. ಅದನ್ನ 11ನೇದಕ್ಕೆ ತಿರುಗಿಸಿದ್ರೆ ಎಕ್ಸ್‌ಪ್ರೆಶನ್, ಅಂದ್ರೆ ದನಿಯ ಏರಿಳಿತ:

ರೌಟರ್_ಬಿಗಿನ್ ಸಿಸಿ
ರೌಟರ್_ಚಾನ್ 0 0 1 0
ರೌಟರ್_ಪಾರ್1 1 1 0 11
ರೌಟರ್_ಪಾರ್2 0 127 0.6 50
ರೌಟರ್_ಎಂಡ್

ಪಾರ್2 ಸಾಲಿನ ಲೆಕ್ಕ ನೋಡಿ. ಹಾಗೇ ಬಿಟ್ರೆ ಚಕ್ರ ಪೂರ್ತಿ ಕೆಳಗೆ ಬಂದಾಗ ದನಿ ಸೊನ್ನೆ, ಹಾಡಿನ ಮಧ್ಯೆ ಹಾರ್ಮೋನಿಯಂ ಮಂಗಮಾಯ. 0.6ರಿಂದ ಗುಣಿಸಿ 50 ಕೂಡಿಸಿದ್ರೆ ಚಕ್ರ ಕೆಳಗಿದ್ದಾಗ 50, ಪೂರ್ತಿ ಮೇಲಿದ್ದಾಗ 126. ಎಷ್ಟು ಇಳಿಸಿದ್ರೂ ಒಂದು ಮಟ್ಟಕ್ಕಿಂತ ಕೆಳಗೆ ಹೋಗೂದಿಲ್ಲ. ಚಕ್ರ ಅಲುಗಾಡಿಸುವ ತನಕ ಎಂತದೂ ಹೋಗೂದಿಲ್ಲ ಅನ್ನೋದು ನೆನಪಿರಲಿ, ಕೂತ ಕೂಡಲೇ ಒಮ್ಮೆ ಮೇಲೆ ಕೆಳಗೆ ಆಡಿಸಿಬಿಡಿ.

ಆದ್ರೆ ಈಗ ಹಿಂದಿನ 65 63 ರೂಲು ಹಾಗೇ ಇಟ್ರೆ ಎಂತ ಆಗ್ತದೆ ಹೇಳಿ? ಹೌದು, ಚಕ್ರದ ಒಂದು ಪ್ರತಿ 11 ಆಗಿ ಹೋಗ್ತದೆ, ಇನ್ನೊಂದು ಪ್ರತಿ ಆ ರೂಲಿಂದ 1 ಆಗೇ ಹೋಗಿ ಹಾರ್ಮೋನಿಯಂ ನಡುಗ್ಲಿಕ್ಕೆ ಶುರು. ಒಂದು ರೂಲಲ್ಲಿ ಒಂದೇ ಕಿಟಕಿ (ಇಷ್ಟರಿಂದ ಇಷ್ಟರ ತನಕ ಅನ್ನೋ ಗಡಿ), 1 ಮತ್ತೆ 64 ಎರಡನ್ನೂ ಒಟ್ಟಿಗೆ ಹೊರಗಿಡ್ಲಿಕ್ಕೆ ಬರೂದಿಲ್ಲ. ಹಾಗಾಗಿ ಆ ರೂಲ್ ತೆಗೆದು ಎರಡು ಬರೀರಿ, ಒಂದು ಪಾರ್1 2 63 1 0, ಇನ್ನೊಂದು ಪಾರ್1 65 127 1 0. ಸ್ಟ್ರಿಂಗ್ಸಿಗೆ ಎಲ್ಲಾ ಹೋಗ್ತದಲ್ಲ ಅಲ್ಲೂ ಚಕ್ರದ ನಡುಕ ಬರ್ತದೆ, ಬೇಡಾಂದ್ರೆ ಅದಕ್ಕೂ ಪಾರ್1 2 127 1 0 ಹಾಕಿ.

ಈಗ ಶ್ರುತಿ. ನಮ್ಮ ಕಡೆ ಬಿಳಿ ಒಂದು, ಕಪ್ಪು ಒಂದು ಅಂತೇವೆ, ಮರಾಠಿ ಕಡೆ ಕಲಿತವರು ಕಾಳಿ ಪಾಂಢರಿ ಅಂತಾರೆ, ಲೆಕ್ಕ ಒಂದೇ. ನೀವು ಎಲ್ಲವನ್ನೂ ಬಿಳಿ ಒಂದರಲ್ಲಿ ಬಾರಿಸ್ತೀರಿ ಅಂತ ಇಟ್ಕೊಳ್ಳುವ, ಹಾಡುವವರು ಕಪ್ಪು ಒಂದು ಅಂದ್ರೆ 1 ಕೂಡಿಸ್ಬೇಕು, ಬಿಳಿ ಎರಡಕ್ಕೆ 2, ಕಪ್ಪು ಎರಡಕ್ಕೆ 3, ಬಿಳಿ ಮೂರಕ್ಕೆ 4, ಬಿಳಿ ನಾಲ್ಕಕ್ಕೆ 5. ಅಲ್ಲಿಂದ ಮುಂದೆ ಮೇಲೆ ಹೋಗೋ ಬದಲು ಕೆಳಗೆ ಬರೋದು ಒಳ್ಳೇದು, ಬಿಳಿ ಐದಕ್ಕೆ ಮೈನಸ್ 5, ಕಪ್ಪು ನಾಲ್ಕಕ್ಕೆ ಮೈನಸ್ 4. ಇದು ಪಾರ್1 ಸಾಲಿನ ಕೊನೇ ಸಂಖ್ಯೆ.

ಗಡಿ ಜಾರಿದ್ದು ಯಾಕೆ ಅಂದ್ರೆ ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ ನೋಟಿನ ಸಂಖ್ಯೆಯನ್ನ ವಾಯರಿಗೆ ಬರೋ ಮುಂಚೆನೇ ಬದಲಾಯಿಸಿಬಿಡ್ತದೆ. 1 ಏರಿಸಿದ್ರೆ ನಡುವಿನ ಸಾಗಿಂತ ಒಂದು ಮನೆ ಎಡಕ್ಕಿರೋ ನಿಷಾದ 59 ಇದ್ದದ್ದು 60 ಆಗಿ ಬರ್ತದೆ. ರೌಟರಿಗೆ ನೀವು ಯಾವ ಕೀ ಒತ್ತಿದ್ರಿ ಅಂತ ಕಾಣೂದಿಲ್ಲ, 60 ಬಂತು, ಸರಿ ಬಲಗೈ ಅಂತ ಹಾರ್ಮೋನಿಯಮ್ಮಿಗೆ ಕಳಿಸ್ತದೆ. ರೌಟರಲ್ಲೇ ಕೂಡಿಸಿದ್ರೆ ಹಾಗಾಗೂದಿಲ್ಲ, ಯಾಕಂದ್ರೆ ಅದು ಮೊದಲು ಬಂದ ಸಂಖ್ಯೆ ಕಿಟಕಿಯೊಳಗೆ ಉಂಟಾ ಅಂತ ನೋಡ್ತದೆ, ಆಮೇಲೆ ಗುಣಿಸಿ ಕೂಡಿಸ್ತದೆ. ಗಡಿ ನಿಮ್ಮ ಬೆರಳಿನ ಕೆಳಗೇ ಇರ್ತದೆ, ದನಿ ಮಾತ್ರ ಏರ್ತದೆ. ಕಪ್ಪು ಒಂದಕ್ಕೆ ಬಲಗೈ ಪಾರ್1 60 127 1 1, ಎಡಗೈ 0 59 1 1. ಪ್ಯಾಡಿನ ರೂಲು ಮುಟ್ಟಬೇಡಿ. ಡ್ರಮ್ಮಲ್ಲಿ ನೋಟಿನ ನಂಬರ್ ಅಂದ್ರೆ ಸ್ವರ ಅಲ್ಲ, ವಾದ್ಯ. 1 ಕೂಡಿಸಿದ್ರೆ ಸ್ನೇರ್ ಹೋಗಿ ಚಪ್ಪಾಳೆ ಬರ್ತದೆ, 39ನೇದು ಚಪ್ಪಾಳೆ. ಭಜನೆಗೆ ಅದೂ ಒಂದು ಲೆಕ್ಕಕ್ಕೆ ಸರಿಯೇ ಬಿಡಿ.

ಹಾಗಾಗಿ ಒಂದೊಂದು ಶ್ರುತಿಗೆ ಒಂದೊಂದು ಫೈಲ್ ಮಾಡಿಟ್ಕೊಳ್ಳಿ, ಹೆಸರು ಗಿಡ್ಡ ಇರಲಿ, ಕ1, ಬ4 ಅನ್ನೋ ಹಾಗೆ ಇಂಗ್ಲಿಷಲ್ಲಿ. ಹಾಡಿನ ನಡುವೆ ಶೆಲ್ಲಲ್ಲಿ ಸೋರ್ಸ್ ಅಂತ ಬರೆದು ಫೈಲಿನ ಹೆಸರು ಹಾಕಿ ಎಂಟರ್ ಒತ್ತಿದ್ರೆ ಆ ಫೈಲಿನ ಸಾಲೆಲ್ಲ ಒಂದೊಂದಾಗಿ ಓಡ್ತವೆ. ಪ್ರತಿ ಫೈಲಿನಲ್ಲೂ ರೂಲು ಶುರುವಾಗೋ ಮುಂಚೆ ರೌಟರ್_ಕ್ಲಿಯರ್ ಇರಲೇಬೇಕು, ಇಲ್ಲಾಂದ್ರೆ ಬಿಳಿ ಒಂದರ ರೂಲಿನ ಮೇಲೆ ಕಪ್ಪು ಒಂದರ ರೂಲು ಕೂತು ಒಂದು ಕೀಗೆ ಪಕ್ಕಪಕ್ಕದ ಎರಡು ಸ್ವರ ಕೇಳ್ತದೆ, ಹಾಡುವವರು ತಿರುಗಿ ನೋಡೋ ನೋಟ ನಿಮಗೆ ಜನ್ಮದಲ್ಲಿ ಮರೆಯೂದಿಲ್ಲ. ಬದಲಾಯಿಸುವಾಗ ಕೈ ಎತ್ತಿ, ಪೆಡಲ್ ಬಿಟ್ಟು ಬದಲಾಯಿಸಿ.

ನನ್ನದೂ ಒಂದು ಅವಾಂತರ ಹೇಳಿಬಿಡ್ತೇನೆ. ಹೊನ್ನಾವರ ಕಡೆ ಒಂದು ದೇವಸ್ಥಾನದಲ್ಲಿ ಸಪ್ತಾಹ, ರಾತ್ರಿ ಎರಡೋ ಎರಡೂವರೆಯೋ, ನಿದ್ದೆಗಣ್ಣು. ಶ್ರುತಿ ಬದಲಾಯಿಸ್ಲಿಕ್ಕೆ ಅಂತ ಸೋರ್ಸ್ ಹಾಕೋ ಬದಲು ಕ್ಲಿಯರ್ ಮಾತ್ರ ಹಾಕಿ ಎಂಟರ್ ಒತ್ತಿದೆ. ಕೀಬೋರ್ಡ್ ಒತ್ತಿದ್ರೆ ಕಿಂವ್ ಇಲ್ಲ ಕುಂಯ್ ಇಲ್ಲ. ಮಿಕ್ಸರ್ ನೋಡಿದೆ, ವಾಯರ್ ಅಲುಗಾಡಿಸಿದೆ, ಉಪ್ಪು ಗಾಳಿಗೆ ಪಿನ್ ಹಿಡಿದಿರಬೇಕು ಅಂತ ಯುಎಸ್‌ಬಿ ಕಿತ್ತು ಶರ್ಟಿಗೆ ಒರೆಸಿ ಮತ್ತೆ ಚುಚ್ಚಿದೆ. ಅಷ್ಟರಲ್ಲಿ ಮೂಲೆಯಲ್ಲಿದ್ದ ಅಜ್ಜ ಒಬ್ರು ಸುಮ್ಮನೆ ತಮ್ಮ ಹಳೆ ಪೆಟ್ಟಿಗೆ ಎಳ್ಕೊಂಡು ಶುರುಮಾಡಿದ್ರು, ಭಜನೆ ನಿಲ್ಲಲೇ ಇಲ್ಲ. ಆವತ್ತಿಂದ ಶೆಲ್ಲಲ್ಲಿ ಕೈಯಾರೆ ಕ್ಲಿಯರ್ ಬರೆಯೂದಿಲ್ಲ ನಾನು. ಹಾಗೇನಾದ್ರೂ ಆದ್ರೆ ರೌಟರ್_ಡಿಫಾಲ್ಟ್ ಅಂತ ಬರೀರಿ, ಹಳೆ ಗಂಡನ ಪಾದವೇ ಗತಿ ಅನ್ನೋ ಹಾಗೆ ಎಲ್ಲ ಈವೆಂಟೂ ಮೊದಲಿನ ಹಾಗೆ ದಾಟ್ತವೆ, ಎಡ ಬಲ ಇರೂದಿಲ್ಲ ಆದ್ರೆ ಶಬ್ದ ಇರ್ತದೆ.

ಹೊಂದಿದಷ್ಟು ಪ್ರತಿ ಅಂತ ಹೇಳಿದೆನಲ್ಲ, ಅದು ಬರೀ ತೊಂದರೆ ಕೊಡೋದಲ್ಲ, ಉಪಯೋಗಕ್ಕೂ ಬರ್ತದೆ. ನಿಮ್ಮ 61 ಕೀಯಲ್ಲಿ ಎಲ್ಲಕ್ಕಿಂತ ಎಡದ ಕೀ 36. ಅದನ್ನ ಶ್ರುತಿಪೆಟ್ಟಿಗೆ ಮಾಡ್ಬಹುದು. ಎಡಗೈ ರೂಲನ್ನ 37 59 ಮಾಡಿ, 36ಕ್ಕೆ ಅಂತ ಎರಡು ನೋಟ್ ರೂಲು ಬರೀರಿ. ಎರಡಕ್ಕೂ ಚಾನ್ 0 0 0 2. ಒಂದಕ್ಕೆ ಪಾರ್1 36 36 1 12, ಇನ್ನೊಂದಕ್ಕೆ 36 36 1 19. ಒಂದು ಕೀ ಒತ್ತಿದ್ರೆ 48 ಮತ್ತೆ 55, ಅಂದ್ರೆ ಸಾ ಮತ್ತೆ ಪಾ. ಬೆರಳು ಬಿಟ್ಟಾಗ ನೋಟ್‌ಆಫೂ ಅದೇ ಎರಡು ರೂಲಲ್ಲಿ ಹೋಗ್ತದೆ, ಎರಡೂ ಒಟ್ಟಿಗೆ ನಿಲ್ತವೆ. ಮಧ್ಯಮ ಬೇಕಾದ ಹಾಡಿಗೆ 19 ಇದ್ದಲ್ಲಿ 17. ಸೆಲೆಕ್ಟ್ 2 1 0 20 ಹಾಕಿ, ಜೊತೆಗೆ ಸಿಸಿ 2 7 60 ಅಂತ ಒಂದು ಸಾಲು, ಇಲ್ಲಾಂದ್ರೆ ಶ್ರುತಿಯೇ ಹಾಡಾಗ್ತದೆ. ಶ್ರುತಿ ಬದಲಾಯಿಸೋ ಫೈಲಲ್ಲಿ ಇವೆರಡಕ್ಕೂ ಅಷ್ಟೇ ಕೂಡಿಸ್ಲಿಕ್ಕೆ ಮರೀಬೇಡಿ, ಕಪ್ಪು ಒಂದಾದ್ರೆ 13 ಮತ್ತೆ 20.

ಇಷ್ಟು ಮಾಡಿಯೂ ಸರಿಯಾಗದಿದ್ರೆ ಊಹೆ ಮಾಡ್ತಾ ಕೂರಬೇಡಿ, ಡ್ಯಾಶ್ ಡಿ ಹಾಕಿ ಫ್ಲುಯಿಡ್‌ಸಿಂತ್ ಶುರು ಮಾಡಿ. ಆಗ ಒಂದು ಕೀ ಒತ್ತಿದ್ರೆ ಸ್ಕ್ರೀನಲ್ಲಿ ಈವೆಂಟ್_ಪ್ರಿ_ನೋಟ್‌ಆನ್ 0 55 80 ಅಂತ ಒಂದು ಸಾಲು ಬರ್ತದೆ, ಅದು ರೌಟರಿಗೆ ಹೋಗೋ ಮುಂಚೆ. ಅದರ ಕೆಳಗೆ ಈವೆಂಟ್_ಪೋಸ್ಟ್_ನೋಟ್‌ಆನ್ 1 55 56 ಅಂತ ಬರ್ತದೆ, ಅದು ರೌಟರಿಂದ ಹೊರಗೆ ಬಂದ ಮೇಲೆ. ಚಾನೆಲ್ 0 ಇದ್ದದ್ದು 1 ಆಯ್ತು, 55ನೇ ಕೀ ಹಾಗೇ ಉಳೀತು, 80ರ ಹೊಡೆತ 0.7ಕ್ಕೆ ಗುಣಿಸಿ 56 ಆಯ್ತು. ಒಂದು ಪ್ರಿಗೆ ಎರಡು ಪೋಸ್ಟ್ ಬಂದ್ರೆ ಎಲ್ಲೋ ರೂಲು ಜಾಸ್ತಿ, ಒಂದೂ ಬರದಿದ್ರೆ ಹೊಂದೋ ರೂಲಿಲ್ಲ. ಪ್ರಿನೇ ಬರದಿದ್ರೆ ರೌಟರ್ ವಿಷಯವೇ ಅಲ್ಲ, ಕೀಬೋರ್ಡು ಫ್ಲುಯಿಡ್‌ಸಿಂತಿಗೆ ಕನೆಕ್ಟೇ ಆಗಿಲ್ಲ, ಲಿನಕ್ಸ್ ಟರ್ಮಿನಲ್ಲಲ್ಲಿ ಎಕನೆಕ್ಟ್ (ಕನೆಕ್ಟ್ ಶಬ್ದದ ಮುಂದೆ ಇಂಗ್ಲಿಷಿನ ಎ ಅಕ್ಷರ) ಡ್ಯಾಶ್ ಎಲ್ ಹಾಕಿ ನೋಡಿ. ಕನೆಕ್ಟ್ ಮಾಡ್ಲಿಕ್ಕೆ ಬೇಜಾರಾದ್ರೆ ಶುರುವಲ್ಲೇ ಡ್ಯಾಶ್ ಓ ಹಾಕಿ ಮಿಡಿ.ಆಟೋಕನೆಕ್ಟ್=1 ಕೊಡಿ, ಅದಕ್ಕೂ ಮುಂಚೆ ಕೀಬೋರ್ಡ್, ಪ್ಯಾಡ್ ಎರಡರ ವಾಯರೂ ಚುಚ್ಚಿಡಿ. ಪೋಸ್ಟ್ ಸರಿಯಾಗೇ ಉಂಟು ಆದ್ರೂ ಶಬ್ದ ಇಲ್ಲಾಂದ್ರೆ ಶೆಲ್ಲಲ್ಲಿ ನೋಟ್‌ಆನ್ 1 60 100 ಅಂತ ಹೊಡೀರಿ. ಇದೂ ಸೆಲೆಕ್ಟಿನ ಹಾಗೆ ರೌಟರ್ ಬಿಟ್ಟು ನೇರ ಹೋಗ್ತದೆ. ಕೇಳಿದ್ರೆ ಸ್ಪೀಕರ್, ಸೌಂಡ್‌ಫಾಂಟ್ ಎರಡೂ ಸರಿ ಉಂಟು ಅಂತ ಗ್ಯಾರಂಟಿ, ನಿಲ್ಲಿಸ್ಲಿಕ್ಕೆ ನೋಟ್‌ಆಫ್ 1 60.

ಗಡಿ ಒಂದು ಸಪ್ತಕ ಆಚೀಚೆ ಬಂದ್ರೆ ಎರಡು ಕಾರಣ ಇರಬಹುದು. ಒಂದು ಕೀಬೋರ್ಡಿನ ಆಕ್ಟೇವ್ ಬಟನ್ ಒತ್ತಿಹೋಗಿದೆ. ಇನ್ನೊಂದು ನೀವು ಸ್ವರದ ಹೆಸರು ನೋಡಿ ನಂಬರ್ ಹಾಕಿದೀರಿ, 60ನೇ ನೋಟನ್ನ ಯಮಾಹಾದವರು ಸಿ3 ಅಂತಾರೆ, ಬೇರೆ ಬಹಳ ಕಡೆ ಸಿ4 ಅಂತಾರೆ. ಹೆಸರು ಬಿಡಿ, ಡ್ಯಾಶ್ ಡಿಯಲ್ಲಿ ಕಾಣೋ ಸಂಖ್ಯೆ ನಂಬಿ.

ಮತ್ತೆ ಸ್ಕ್ರೀನಲ್ಲಿ ಒಂದೇ ಪ್ರಿ, ಒಂದೇ ಪೋಸ್ಟ್ ಇದ್ದು ಕಿವಿಗೆ ಮಾತ್ರ ಎರಡು ವಾದ್ಯ ಕೇಳ್ತಾ ಇದ್ರೆ ಲ್ಯಾಪ್‌ಟಾಪಿನ ವಾಲ್ಯೂಮ್ ಸೊನ್ನೆ ಮಾಡಿ ಒತ್ತಿ ನೋಡಿ. ಆಗಲೂ ಕೇಳಿದ್ರೆ ಅದು ಕೀಬೋರ್ಡಿನದ್ದೇ ಸ್ವಂತ ದನಿ, ನಿಮ್ಮದು ಸ್ಪೀಕರ್ ಇರೋ ಕೀಬೋರ್ಡೋ ಅಲ್ವೋ ಬರೀಲಿಲ್ಲ ನೀವು. ಅಂತದ್ದಾದ್ರೆ ಅದರ ಮೆನುವಿನಲ್ಲಿ ಲೋಕಲ್ ಕಂಟ್ರೋಲ್ ಅಂತ ಇರ್ತದೆ, ಅದನ್ನ ಆಫ್ ಮಾಡಿ. ಕೀಗಳು ಮಿಡಿ ಕಳಿಸ್ತಾ ಇರ್ತವೆ, ಒಳಗಿನ ವಾದ್ಯ ಸುಮ್ಮನಾಗ್ತದೆ. ಕೆಲವು ಕೀಬೋರ್ಡಲ್ಲಿ ಸ್ವಿಚ್ ಆಫ್ ಮಾಡಿ ಆನ್ ಮಾಡಿದ್ರೆ ಅದು ಮತ್ತೆ ಆನ್ ಆಗಿ ಬರ್ತದೆ, ಚೌತಿ ದಿನ ಕರೆಂಟ್ ಹೋಗಿ ಬಂದ್ರೆ ಮೊದಲು ಅದನ್ನೇ ನೋಡಿ.